ಹ್ಯಾಲೋವೀನ್‌ನ 'ಟ್ರಂಕ್ ಆರ್ ಟ್ರೀಟ್' ಶುರುವಾಗಿದ್ದು ಹೇಗೆ?

ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದಲ್ಲಿ ಅಮೆರಿಕದ ಮಕ್ಕಳು ವೇಷ ಹಾಕಿ ಮಿಠಾಯಿ ಕೇಳುತ್ತಾ ಮನೆಮನೆ ಸುತ್ತುವ ಬದಲು ಸಾಲಾಗಿ ನಿಂತ ಕಾರುಗಳ ಡಿಕ್ಕಿಯಿಂದ ಮಿಠಾಯಿ ಪಡೆಯುವ ಪದ್ಧತಿ ಇದು. ಇಂಥವರೇ ಶುರು ಮಾಡಿದರು ಅನ್ನುವ ಹಾಗಿಲ್ಲ. 1990ರ ದಶಕದಲ್ಲಿ ಚರ್ಚುಗಳ ಪಾರ್ಕಿಂಗ್ ಜಾಗದಲ್ಲಿ ಬೆಳೆಯಿತು. ದೆವ್ವದ ಹಬ್ಬ ಅಂತ ಮುಖ ಸಿಂಡರಿಸುತ್ತಿದ್ದ ಚರ್ಚುಗಳಿಗೆ ಇದೊಂದು ನಡುದಾರಿ. ಡಿಕ್ಕಿ ತೆರೆದು, ಅದರೊಳಗೆ ಜೇಡರ ಬಲೆಯನ್ನೋ ಬೈಬಲ್ ಕಥೆಯ ನೋಹನ ನಾವೆಯನ್ನೋ ಕಟ್ಟಿ, ಮಿಠಾಯಿ ಬುಟ್ಟಿ ಹಿಡಿದು ಕೂರುತ್ತಾರೆ.

ಗುರುತಿಲ್ಲದವರು ಕೊಡುವ ಮಿಠಾಯಿ ಬಗ್ಗೆ ಹೆತ್ತವರಿಗೆ ಭಯವೂ ಜಾಸ್ತಿ ಇತ್ತು. 1974ರಲ್ಲಿ ಟೆಕ್ಸಾಸ್‌ನಲ್ಲಿ ಹುಡುಗನೊಬ್ಬ ಸಯನೈಡ್ ಬೆರೆಸಿದ ಹ್ಯಾಲೋವೀನ್ ಮಿಠಾಯಿ ತಿಂದು ಸತ್ತ. ಕೊಟ್ಟವನು ಯಾರೋ ಅಪರಿಚಿತನಲ್ಲ, ಸ್ವಂತ ಅಪ್ಪ, ಅದೂ ವಿಮೆ ದುಡ್ಡಿಗಾಗಿ! ಆದರೂ ಜನ ಅನುಮಾನಪಟ್ಟಿದ್ದು ಗುರುತಿಲ್ಲದ ಮನೆಗಳನ್ನೇ. ಇನ್ನು ಮನೆಗಳು ದೂರದೂರ ಇರುವ ಹಳ್ಳಿಗಳಲ್ಲಿ ಸುಮ್ನೆ ಕತ್ತಲಲ್ಲಿ ನಡೆಯುವ ಕಷ್ಟವೂ ತಪ್ಪಿತು.