ಮಗಳು ಇನ್ನೂ ಹೋಗಿಲ್ವಾ?

ಓದುಗರ ಪತ್ರ: "ನನ್ನ ಅಳಿಯ ಕ್ಯಾಲಿಫೋರ್ನಿಯಾದಲ್ಲಿ ಇಂಜಿನಿಯರ್. ಗ್ರೀನ್ ಕಾರ್ಡ್ ಇದೆ. ಮದುವೆಯಾಗಿ ಎರಡು ವರ್ಷ ಎಂಟು ತಿಂಗಳಾಯಿತು. ಮಗಳು, ಮೊಮ್ಮಗ ನಮ್ಮ ಮನೆಯಲ್ಲೇ ಇದ್ದಾರೆ. ಕೇಳಿದಾಗೆಲ್ಲ 'ಅರ್ಜಿ ಹಾಕಿದೀನಿ ಮಾವ, ಡೇಟ್ ಬರಬೇಕು' ಅಂತಾನೆ. ಅವನ ಸ್ನೇಹಿತನಿಗೆ ಗ್ರೀನ್ ಕಾರ್ಡೇ ಇಲ್ಲ, ಬರೀ ಎಚ್-1ಬಿ. ಮದುವೆಯಾದ ನಾಲ್ಕೇ ತಿಂಗಳಿಗೆ ಅವನು ಹೆಂಡತಿಯನ್ನು ಕರೆದುಕೊಂಡು ಹೋದ. ಇದರಲ್ಲಿ ಏನೋ ಮೋಸ ಇದೆ ಅಂತ ನನ್ನ ಅನುಮಾನ. ಕಾರ್ಡ್ ಕೈಗೆ ಬಂದಮೇಲೇ ಮುಹೂರ್ತ ಅಂತ ನಾವು ಮದುವೆಯನ್ನು ಎಂಟು ತಿಂಗಳು ಮುಂದೆ ಹಾಕಿದ್ದೆವು. ಈಗ ಅಂಗಡಿಗೆ ಹೋದರೆ 'ಮಗಳು ಇನ್ನೂ ಹೋಗಿಲ್ವಾ?' ಅಂತ ಕೇಳುತ್ತಾರೆ. ಏನು ಹೇಳಲಿ?" – ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ ತಾಲ್ಲೂಕು (ಹೆಸರು ಬೇಡ ಎಂದಿದ್ದಾರೆ)

ಮೇಷ್ಟ್ರೇ, ಇಷ್ಟು ಚಂದದ ಕೈಬರಹದ ಪತ್ರ ನಮ್ಮ ಕಚೇರಿಗೆ ಬಂದು ವರ್ಷವೇ ಆಗಿತ್ತು. ಒತ್ತಕ್ಷರ ಒಂದೂ ಜಾರಿಲ್ಲ. ಆದರೆ ಅಳಿಯನ ಮೇಲಿನ ಅನುಮಾನ ಮೊದಲು ಬಿಡಿ. ಆತ ಹೇಳುತ್ತಿರುವುದು ನಿಜ.

ಎಚ್-1ಬಿ ಅಂದರೆ ತಾತ್ಕಾಲಿಕ ಕೆಲಸದ ವೀಸಾ. ಅದು ಇದ್ದವನ ಹೆಂಡತಿಗೆ, ಮಕ್ಕಳಿಗೆ ಎಚ್-4 ಸಿಗುತ್ತದೆ. ಅದಕ್ಕೆ ವರ್ಷಕ್ಕೆ ಇಷ್ಟೇ ಅನ್ನೋ ಮಿತಿ ಇಲ್ಲ. ಸಂದರ್ಶನದ ದಿನ ಸಿಕ್ಕರೆ ಹೊರಟರು. ಅಮೆರಿಕದ ಪೌರನ ಹೆಂಡತಿಗೂ ಮಿತಿ ಇಲ್ಲ. ಇವರಿಬ್ಬರ ನಡುವೆ ಸಿಕ್ಕಿಕೊಂಡವನು ನಿಮ್ಮ ಅಳಿಯ, ಅಲ್ಲಿ ಕಾಯಂ ಇರಬಹುದಾದರೂ ಇನ್ನೂ ಪೌರನಾಗದ ಗ್ರೀನ್ ಕಾರ್ಡ್‌ನವನು. ಅವನು ಐ-130 ಅನ್ನೋ ಅರ್ಜಿ ಹಾಕಬೇಕು. ಹೆಂಡತಿ, ಮಗು ಎಫ್2ಎ ಅನ್ನೋ ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿಗೆ ಇಡೀ ಲೋಕಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 88 ಸಾವಿರ ವೀಸಾ. ತಿಂಗಳಿಗೊಮ್ಮೆ ಅಲ್ಲಿನ ವಿದೇಶಾಂಗ ಇಲಾಖೆ ವೀಸಾ ಬುಲೆಟಿನ್ ಹೊರಡಿಸುತ್ತದೆ. ಅದರಲ್ಲಿ ಒಂದು ತಾರೀಕು ಇರುತ್ತದೆ. ನಿಮ್ಮ ಅರ್ಜಿಯ ತಾರೀಕು ಅದಕ್ಕಿಂತ ಹಿಂದಿನದಾದರೆ ನಿಮ್ಮ ಪಾಳಿ ಬಂತು ಅಂತ. ಇದೇ ಅಳಿಯ ಹೇಳುವ 'ಡೇಟ್'. ಅದು ಮುಂದೆ ಮಾತ್ರ ಹೋಗುತ್ತದೆ ಅಂದುಕೊಳ್ಳಬೇಡಿ, ಹಿಂದಕ್ಕೂ ಬರುತ್ತದೆ. 2019ರ ಮಧ್ಯದಿಂದ 2023ರ ಮೊದಲ ತಿಂಗಳುಗಳವರೆಗೆ ಈ ಸಾಲಿನಲ್ಲಿ ಕಾಯುವುದೇ ಇರಲಿಲ್ಲ. 2023ರ ಏಪ್ರಿಲ್‌ನಲ್ಲಿ ತಾರೀಕು ಒಂದೇ ಏಟಿಗೆ ಎರಡೂವರೆ ವರ್ಷ ಹಿಂದಕ್ಕೆ ಬಿತ್ತು. ನಮ್ಮ ರೇಷನ್ ಅಂಗಡಿಯ ಸಾಲೂ ಹೀಗೆ ಹಿಂದಕ್ಕೆ ನಡೆದದ್ದು ನಾನು ನೋಡಿಲ್ಲ.

ಅಳಿಯನೇ ಇಲ್ಲಿಗೆ ಬಂದು ಒಂದಷ್ಟು ದಿನ ಇರಲಿ ಅಂದರೆ, ವರ್ಷ ಮೀರಿದರೆ ಕಾರ್ಡಿಗೇ ಕುತ್ತು. ಆರು ತಿಂಗಳು ಮೀರಿದರೆ ಪೌರತ್ವದ ಲೆಕ್ಕಕ್ಕೆ ಪೆಟ್ಟು. ಮಗಳು ಪ್ರವಾಸಿ ವೀಸಾದಲ್ಲಿ ಹೋಗಿ ನೋಡಿಕೊಂಡು ಬರಲಿ ಅಂದರೆ, 'ನೀನು ವಾಪಸ್ ಬರ್ತೀಯ ಅನ್ನೋದಕ್ಕೆ ಏನು ಗ್ಯಾರಂಟಿ? ಗಂಡ ಅಲ್ಲೇ ಇದಾನಲ್ಲ' ಅನ್ನುತ್ತಾರೆ ವೀಸಾ ಕೊಡುವವರು. ಹೆಂಡತಿ ಅನ್ನೋ ಕಾರಣಕ್ಕೇ ಸಾಲಿನಲ್ಲಿ ನಿಲ್ಲಿಸಿದವರು, ಅದೇ ಕಾರಣಕ್ಕೆ ನೋಡಲೂ ಬಿಡುವುದಿಲ್ಲ.

ಈಗ ನೀವು ಕೇಳದ ಒಂದು ಮಾತು. ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅಳಿಯನಿಗೆ ಕಾರ್ಡ್ ಬಂದದ್ದು ಕಂಪನಿಯ ಕಡೆಯಿಂದ ಅಂತ ಬರೆದಿದ್ದೀರಿ. ಹಾಗಿದ್ದಾಗ, ಕಾರ್ಡ್ ಮಂಜೂರಾಗುವ ಮುಂಚೆ ಮದುವೆಯಾಗಿದ್ದರೆ, ಒಂದು ದಿನ ಮುಂಚೆಯಾದರೂ ಸರಿ, ನಿಮ್ಮ ಮಗಳು ಅವನ ಅರ್ಜಿಯ ಬೆನ್ನಿಗೇ ಹೋಗಬಹುದಿತ್ತು. ಅವನ ಪಾಳಿಯೇ ಅವಳ ಪಾಳಿ. ಹೊಸ ಸಾಲು ಇಲ್ಲ. ಮದುವೆ ನಂತರ ಆದದ್ದರಿಂದ ಅವಳು ಸಾಲಿನ ಕೊನೆಗೆ ಹೋಗಿ ನಿಂತಳು. ನೀವು ಕಾರ್ಡಿಗಾಗಿ ಮುಂದೆ ಹಾಕಿದ ಆ ಎಂಟು ತಿಂಗಳು, ಮೇಷ್ಟ್ರೇ... ಬೈಯುತ್ತಿಲ್ಲ. ನಿಮಗೆ ಹೇಳುವವರು ಯಾರೂ ಇರಲಿಲ್ಲ. ಆದರೆ ನಮ್ಮ ವಧೂವರರ ಕಾಲಂ ನೋಡಿ. 'ಗ್ರೀನ್ ಕಾರ್ಡ್ ಹೊಂದಿರುವ ವರ' ಅಂತ ದಪ್ಪ ಅಕ್ಷರ. ನಮ್ಮ ಪತ್ರಿಕೆಯಲ್ಲೂ ಅದು ಬರುತ್ತದೆ, ದುಡ್ಡೂ ತಗೋತೀವಿ. ಗೋತ್ರ, ನಕ್ಷತ್ರ, ಸಂಬಳ ಎಲ್ಲ ವಿಚಾರಿಸುತ್ತೇವೆ. ಮದುವೆಯಾದ ಮೇಲೆ ಹುಡುಗಿ ಎಷ್ಟು ದಿನಕ್ಕೆ ಹೋಗುತ್ತಾಳೆ ಅಂತ ಒಬ್ಬರೂ ಕೇಳುವುದಿಲ್ಲ.

ಒಂದು ದೇಶಕ್ಕೆ ತನ್ನ ಬಾಗಿಲಲ್ಲಿ ಲೆಕ್ಕ ಇಡುವ ಹಕ್ಕು ಇದೆ, ಒಪ್ಪುತ್ತೇನೆ. ಕಾಗದಕ್ಕೋಸ್ಕರ ಸುಳ್ಳು ಮದುವೆ ಮಾಡಿಕೊಳ್ಳುವವರೂ ಇದ್ದಾರೆ. ಬಂದವರನ್ನು ಸಾಕುವ ಶಕ್ತಿ ಇದೆಯಾ ಅಂತ ಸಂಬಳದ ಚೀಟಿ ಕೇಳುವುದೂ ತಪ್ಪಲ್ಲ. ಸರಿ. ಆದರೆ ದುಡಿಯುವವನಿಗೆ 'ಕಾಯಂ ಇರು' ಅಂದು, ಅವನ ಹೆಂಡತಿಗೆ 'ಆಮೇಲೆ ಬಾ' ಅನ್ನುವುದು ಯಾವ ಸೀಮೆ ನ್ಯಾಯ?

ಇದು ಹೊಸದೂ ಅಲ್ಲ. ನೂರು ವರ್ಷದ ಹಿಂದೆ ಪಂಜಾಬಿನ ರೈತರು ಕ್ಯಾಲಿಫೋರ್ನಿಯಾದ ಯೂಬಾ ಸಿಟಿ, ಇಂಪೀರಿಯಲ್ ವ್ಯಾಲಿ ಕಡೆ ದುಡಿಯಲು ಹೋಗಿದ್ದರು. 1917ರ ಕಾನೂನು ಏಷ್ಯಾದ ಬಹುಪಾಲು ಜನರಿಗೆ ಬಾಗಿಲು ಹಾಕಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಇಲ್ಲ ಅಂದಿತು. ಹೆಂಡತಿಯನ್ನು ಕರೆಸುವ ದಾರಿ ಮುಚ್ಚಿತು. ಎಷ್ಟೋ ಜನ ಅಲ್ಲೇ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ರೊಟ್ಟಿಗೂ ಟೋರ್ಟಿಯಾಗೂ ಅಂಥ ವ್ಯತ್ಯಾಸ ಇಲ್ಲ ನೋಡಿ. ಈ ಸಂಸಾರಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನೂ ಒಂದಷ್ಟು ಓದಿದ್ದೇನೆ. ಪಂಜಾಬಿನ ಹಳ್ಳಿಯಲ್ಲಿ ಉಳಿದುಹೋದ ಮೊದಲ ಹೆಂಡತಿಯರ ಬಗ್ಗೆ ನನಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಸಾಲು. 1946ರಲ್ಲಿ ಬಾಗಿಲು ತೆರೆದರು. ಎಷ್ಟು? ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನ.

ಉಳಿದವರ ಕಥೆ ನನಗೆ ಮನೆಯಲ್ಲೇ ಗೊತ್ತು. ನಮ್ಮದು ಕುಂದಾಪುರದ ಕಡೆ. ಅಪ್ಪ ಬೊಂಬಾಯಿಯಲ್ಲಿ, ಮಾಟುಂಗದ ಒಂದು ಹೋಟ್ಲಿನಲ್ಲಿ. ಯಾವ ವೀಸಾನೂ ಬೇಕಿರಲಿಲ್ಲ. ಖೋಲಿ ಬಾಡಿಗೆ ಕಟ್ಟುವ ಶಕ್ತಿ ಇರಲಿಲ್ಲ, ಅಷ್ಟೆ. ತಿಂಗಳಿಗೊಂದು ಮನಿಯಾರ್ಡರ್. ಅದರ ತುದಿಯಲ್ಲಿ ಒಂದು ಸಣ್ಣ ಚೀಟಿ, ಮೂರು ಸಾಲು ಬರೆಯುವಷ್ಟು ಜಾಗ. 'ಕ್ಷೇಮ. ಮಳೆ ಜಾಸ್ತಿ. ದನಕ್ಕೆ ಹಿಂಡಿ ತರಿಸು.' ಅಮ್ಮ ಆ ಚೀಟಿಗಳನ್ನು ಅಡುಗೆಮನೆಯ ಕಿಟಕಿಗೆ ನೇತುಹಾಕಿದ ತಂತಿಗೆ ಚುಚ್ಚಿಡುತ್ತಿದ್ದಳು. ಹೊಗೆ ಹಿಡಿದು ಕೆಳಗಿನವು ಕಾಫಿ ಬಣ್ಣ, ಮೇಲಿನವು ಬಿಳಿ. ಹನ್ನೊಂದು ವರ್ಷದ ಸಂಸಾರ ಒಂದು ಗೇಣು ತಂತಿಯಲ್ಲಿ ಹಿಡಿದಿತ್ತು.

ಊರಿನವರು ಅಮ್ಮನನ್ನೂ ಕೇಳುತ್ತಿದ್ದರು, 'ಬೊಂಬಾಯಿಗೆ ಯಾವಾಗ?' ಅಂತ. 'ಈ ದೀಪಾವಳಿ ಕಳೀಲಿ' ಅನ್ನುತ್ತಿದ್ದಳು. ಅದಕ್ಕೇ ಅವಳು ಒಂದು ಎಮ್ಮೆ ಕಟ್ಟಲಿಲ್ಲ, ಹೊಲಿಗೆ ಕಲಿಯಲಿಲ್ಲ. ಇನ್ನೇನು ಹೋಗುವವಳಲ್ವಾ?

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜಾಗ. 'ಮದುವೆ ಗೊತ್ತಾದ ಕೂಡಲೇ ಮಗಳಿಂದ ಕಾಲೇಜಿನ ಕೆಲಸ ಬಿಡಿಸಿದೆವು' ಅಂತ ಮೂರನೇ ಪುಟದ ಅಂಚಿನಲ್ಲಿ ಸೇರಿಸಿದ್ದೀರಿ. ಹೇಳುವಷ್ಟು ದೊಡ್ಡ ವಿಷಯ ಅಲ್ಲ ಅನ್ನೋ ಹಾಗೆ. ನಾಲ್ಕು ಪುಟದ ಪತ್ರ ಮೇಷ್ಟ್ರೇ. ಅಳಿಯ ಏನಂದ, ಬೀಗರು ಏನಂದರು, ಅಂಗಡಿಯವರು ಏನಂದರು, ಎಲ್ಲ ಇದೆ. ಮಗಳು ಏನಂದಳು ಅಂತ ಹುಡುಕಿದೆ. ಸಿಗಲಿಲ್ಲ.

ಅಮೆರಿಕದವರಿಗೂ ಈ ಕಾಯುವಿಕೆ ಎಂಥದ್ದು ಅಂತ ಗೊತ್ತಿಲ್ಲದೆ ಇಲ್ಲ. 2000ದಲ್ಲಿ ವಿ ವೀಸಾ ಅಂತ ಒಂದು ಮಾಡಿದ್ದರು. ಮೂರು ವರ್ಷ ಕಾದವರು ಬಂದು ಗಂಡನ ಜೊತೆ ಇದ್ದುಕೊಂಡೇ ಪಾಳಿ ಕಾಯಬಹುದು. ಆದರೆ ಆ ವರ್ಷ ಡಿಸೆಂಬರ್ 21ರ ಒಳಗೆ ಅರ್ಜಿ ಹಾಕಿದವರಿಗೆ ಮಾತ್ರ. ಆಮೇಲಿನವರು ಕಾಯಬೇಕಾದ್ದೇ. ಇನ್ನು ಅವರನ್ನು ಮಾತ್ರ ಅಂದು ಪ್ರಯೋಜನ ಏನು? ನಮ್ಮ ಶಿಕ್ಷಕರ ವರ್ಗಾವಣೆಯಲ್ಲಿ 'ಪತಿ-ಪತ್ನಿ ಪ್ರಕರಣ' ಅಂತ ಒಂದು ಉಂಟಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಗಂಡ ಚಾಮರಾಜನಗರ, ಹೆಂಡತಿ ಬೀದರ್. ಅವರೂ ಕೌನ್ಸೆಲಿಂಗ್ ಪಟ್ಟಿಯಲ್ಲಿ ತಮ್ಮ ನಂಬರ್ ಹುಡುಕುತ್ತಾ ಕೂರುತ್ತಾರೆ. ಸಂಸಾರಕ್ಕೆ 'ಪ್ರಕರಣ' ಅಂತ ಹೆಸರಿಟ್ಟವರು ನಾವೇ.

ಈಗ ಕೆಲಸದ ಮಾತು. ಕಾರ್ಡ್ ಬಂದು ಐದು ವರ್ಷ ತುಂಬುವ 90 ದಿನ ಮುಂಚೆಯೇ ಅಳಿಯ ಪೌರತ್ವಕ್ಕೆ ಅರ್ಜಿ ಹಾಕಬಹುದು. ಪೌರನಾದ ದಿನ ನಿಮ್ಮ ಮಗಳು ಸಾಲಿನಿಂದ ಹೊರಗೆ. ಆದರೆ ಅಲ್ಲೊಂದು ಗುಂಡಿ ಇದೆ. ಈಗ ಮೊಮ್ಮಗ ಅಮ್ಮನ ಅರ್ಜಿಯಲ್ಲೇ ಸೇರಿಕೊಂಡಿದ್ದಾನೆ. ಅಪ್ಪ ಪೌರನಾದ ಮೇಲೆ ಅದು ನಡೆಯುವುದಿಲ್ಲ, ಮಗುವಿಗೆ ಬೇರೆಯೇ ಐ-130 ಬೇಕು. ಗೊತ್ತಿಲ್ಲದೆ ಕೂತರೆ, ತಾಯಿಗೆ ಮುಂಬೈ ಕಾನ್ಸುಲೇಟಿನಿಂದ ಕರೆ ಬರುತ್ತದೆ, ಮಗುವಿಗೆ ಬರುವುದಿಲ್ಲ. ಒಳ್ಳೆಯ ವಕೀಲರನ್ನು ಇವತ್ತೇ ಕೇಳಲಿ. ಹಾಗೇ ಜನನ ಪತ್ರ, ಮದುವೆ ನೋಂದಣಿ, ಪಾಸ್‌ಪೋರ್ಟ್ ಮೂರರಲ್ಲೂ ಮಗಳ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೀವೇ ಕೂತು ನೋಡಿ. ಇನಿಷಿಯಲ್ ಹಿಂದೆಮುಂದೆ ಆಗಿರುತ್ತದೆ. ತಪ್ಪು ಹುಡುಕಿ ಕೆಂಪು ಗೆರೆ ಎಳೆದ ಕಣ್ಣು ನಿಮ್ಮದು.

ಮಗಳು ಬಿಟ್ಟ ಕಾಲೇಜಿಗೆ ಈ ವಾರವೇ ಹೋಗಿ ಕೇಳಲಿ. ಇನ್ನೊಂದು ವರ್ಷವೋ ಎರಡೋ, ಪಾಠ ಮಾಡಲಿ. ಕರೆ ಬಂದರೆ ರಾಜೀನಾಮೆಗೆ ಒಂದು ಹಾಳೆ ಸಾಕು. ಅಂಗಡಿಯಲ್ಲಿ ಯಾರಾದರೂ ಕೇಳಿದರೆ 'ಹೋಗ್ತಾಳೆ, ಈಗ ಕಾಲೇಜಿಗೆ ಹೋಗಿದಾಳೆ' ಅನ್ನಿ.

ಇನ್ನೊಂದು. ಅಳಿಯ ದಿನಾ ಬೆಳಿಗ್ಗೆ 7ಕ್ಕೆ ವಿಡಿಯೋ ಕಾಲ್ ಮಾಡುತ್ತಾನೆ, ಇಲ್ಲಿ ಸಂಜೆ 7:30, ಮೊಮ್ಮಗ ಚಾಪೆ ಎಳೆದುಕೊಂಡು ಬಂದು ಫೋನಿನ ಮುಂದೆ ಕೂರುತ್ತಾನೆ ಅಂತ ಬರೆದಿದ್ದೀರಿ. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ. ಆಗ ಅದೇ ಕಾಲ್ ಇಲ್ಲಿ ರಾತ್ರಿ 8:30ಕ್ಕೆ ಬರುತ್ತದೆ, ಮಗು ಮಲಗಿರುತ್ತದೆ. ಮಾರ್ಚ್‌ವರೆಗೆ 6ಕ್ಕೆ ಏಳು ಅಂತ ಅಳಿಯನಿಗೆ ಹೇಳಿ.

– ಸಂ.