ಟೆಸ್ಲಾ ಮಾಡೆಲ್ ವೈ ಅನ್ನು ನಾಲ್ಕು ಚಕ್ರದ ಮೇಲೆ ಎಳೆಯಬೇಡಿ

ಸರ್, ಟೋ ಬಾರ್ (ಕಾರನ್ನು ಹಿಂದೆ ಕಟ್ಟಿ ಎಳೆಯುವ ಸರಳು) ಆರ್ಡರ್ ಮಾಡಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ. ಕ್ಲಾಸ್ ಸಿ ಮೋಟರ್‌ಹೋಮ್ (ಒಳಗೇ ವಾಸ ಮಾಡುವ ಗಾಡಿ) ಹಿಂದೆ ಎಲೆಕ್ಟ್ರಿಕ್ ಕಾರು ಮಾಡೆಲ್ ವೈ ಕಟ್ಟಿ, ಟ್ರಾನ್ಸ್‌ಪೋರ್ಟ್ ಮೋಡ್ ಹಾಕಿ, ಬೇ ಏರಿಯಾದಿಂದ ಯೆಲ್ಲೋಸ್ಟೋನ್‌ವರೆಗೆ ನಾಲ್ಕೂ ಚಕ್ರ ರಸ್ತೆ ಮೇಲೆ ಬಿಟ್ಟು ಎಳೆಯುತ್ತೇನೆ ಅಂತ ಬರೆದಿದ್ದೀರಿ. ಹೊಸದರಲ್ಲಿ ನಾನೂ ಹೀಗೇ ಹೊರಟಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಮೋಡ್ ಇರುವುದು ಕಾರನ್ನು ವಿಂಚ್‌ನಿಂದ ಫ್ಲಾಟ್‌ಬೆಡ್ ಮೇಲೆ ಏರಿಸಲು. ಗಂಟೆಗೆ 5 ಮೈಲಿ ವೇಗ ದಾಟಬಾರದು ಅಂತ ಮ್ಯಾನ್ಯುಯಲ್‌ನಲ್ಲೇ ಇದೆ. ನ್ಯೂಟ್ರಲ್ ಹಾಕಿದರೂ ಈ ಕಾರಿನಲ್ಲಿ ಗೇರ್ ಬಿಡಿಸಿಕೊಳ್ಳುವುದಿಲ್ಲ, ಚಕ್ರ ಒಂದು ಸುತ್ತು ಬಂದರೆ ಮೋಟಾರು ಸುಮಾರು 9 ಸುತ್ತು ಬರುತ್ತದೆ. ಹಿಂದಿನ ಮೋಟಾರಿನಲ್ಲಿ ಪರ್ಮನೆಂಟ್ ಮ್ಯಾಗ್ನೆಟ್ ಇದೆ, ತಿರುಗಿದರೆ ಸಾಕು ವೋಲ್ಟೇಜ್ ಹುಟ್ಟುತ್ತದೆ. ಕೂಲಿಂಗ್, ಆಯಿಲ್ ಪಂಪ್ ಎರಡೂ ಮಲಗಿದ್ದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಹಾಳಾದರೆ ವಾರಂಟಿಯೂ ಇಲ್ಲ. ಕಾರು ಎಳೆದು ರೀಜೆನ್‌ನಲ್ಲಿ (ತಿರುಗುವ ಚಕ್ರದಿಂದಲೇ) ಚಾರ್ಜ್ ಮಾಡುವ ಯೂಟ್ಯೂಬ್ ವಿಡಿಯೊ ನೋಡಿ ಧೈರ್ಯ ಮಾಡಬೇಡಿ. ಅದರಲ್ಲಿ ಕಾರು ಆನ್ ಆಗಿ ಡ್ರೈವ್‌ನಲ್ಲಿರುತ್ತದೆ, ಒಳಗೆ ಒಬ್ಬರು ಕೂತಿರುತ್ತಾರೆ.

ಮುಂದಿನ ಎರಡು ಚಕ್ರ ಮಾತ್ರ ಎತ್ತಿ ಎಳೆಯುವ ಡಾಲಿಯೂ ಬೇಡ, ಹಿಂದಿನ ಚಕ್ರಕ್ಕೂ ಮೋಟಾರ್ ಇದೆಯಲ್ಲ. ನಿಸಾನ್ ಲೀಫ್‌ನಂಥ ಫ್ರಂಟ್ ವೀಲ್ ಡ್ರೈವ್ ಕಾರಾದರೆ ಮುಂದಿನ ಚಕ್ರ ಎತ್ತಿ ಒಯ್ಯಬಹುದು, ಪಾರ್ಕಿಂಗ್ ಬ್ರೇಕ್ ಬಿಟ್ಟಿದೆಯಾ ಅಂತ ಇಳಿದು ನೋಡಿ. ನಾಲ್ಕೂ ಚಕ್ರದ ಮೇಲೇ ಎಳೆಯಬೇಕು, ಪ್ಲಗ್ಗೂ ಇರಬೇಕು ಅಂದರೆ ಜೀಪ್ ರ‍್ಯಾಂಗ್ಲರ್ 4ಎಕ್ಸ್‌ಇ ನೋಡಿ. ಅದು ಪ್ಲಗ್-ಇನ್ ಹೈಬ್ರಿಡ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ನಿಜವಾಗಿಯೂ ನ್ಯೂಟ್ರಲ್‌ಗೆ ಬರುತ್ತದೆ.

ನಿಮಗೆ ಉಳಿದಿರುವುದು ಟ್ರೇಲರ್. ಮೊದಲು ತೂಕ. ಕಾರು ಸುಮಾರು 4,400 ಪೌಂಡ್, ಟ್ರೇಲರ್ 2,200 ಅಂದುಕೊಳ್ಳಿ, 6,600 ಆಯಿತು. ನಿಮ್ಮ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ 5,000 ಅಂತ ಬರೆದಿದ್ದರೆ ಕಥೆ ಮುಗಿಯಿತು. ಎಂಜಿನ್ ಎಳೆಯುತ್ತದೆ ಬಿಡಿ ಅನ್ನುವವರ ಮಾತು ಕೇಳಬೇಡಿ. 7,500 ಇದ್ದರೂ ನೀರಿನ ಟ್ಯಾಂಕು, ಸಾಮಾನು, ಮನೆಮಂದಿ ಎಲ್ಲ ಸೇರಿಸಿ ಜಿಸಿಡಬ್ಲ್ಯೂಆರ್ (ಗಾಡಿ, ಟ್ರೇಲರ್ ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ) ಒಳಗೆ ಇದೆಯಾ ನೋಡಿ.

ಇನ್ನು ಯಾರೂ ಹೇಳದ ವಿಷಯ. ಪೆಟ್ರೋಲ್ ಕಾರಿನ ಭಾರ ಮೂತಿಯಲ್ಲಿರುತ್ತದೆ. ಮಾಡೆಲ್ ವೈ ಬ್ಯಾಟರಿ ನಡುವೆ ಇದೆ, ಭಾರ ಹಿಂದೆ ಮುಂದೆ ಹೆಚ್ಚು ಕಡಿಮೆ ಸಮ. ಟ್ರೇಲರ್‌ನ ಮಾಮೂಲಿ ಜಾಗದಲ್ಲೇ ನಿಲ್ಲಿಸಿದರೆ ಟಂಗ್ ವೇಟ್, ಅಂದರೆ ಟ್ರೇಲರ್ ಮೂತಿ ಹಿಚ್ ಮೇಲೆ ಹಾಕುವ ಭಾರ, ಕಡಿಮೆಯಾಗುತ್ತದೆ, ಇಳಿಜಾರಿನಲ್ಲಿ ಟ್ರೇಲರ್ ಓಲಾಡಲು ಶುರು ಮಾಡುತ್ತದೆ. ಐ-5 ಹೆದ್ದಾರಿಯ ಗ್ರೇಪ್‌ವೈನ್ ಇಳಿಜಾರು ಇಳಿಯುವಾಗ ನನಗೆ ಅದು ಆಗಿದೆ, ಕೈ ಬೆವರಿತ್ತು. ಈಗ ನಾನು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ನಲ್ಲಿ ಎರಡು ಸಲ ತೂಗಿಸುತ್ತೇನೆ. ಟ್ರೇಲರ್ ಕಟ್ಟಿಕೊಂಡು ಒಮ್ಮೆ, ಬಿಚ್ಚಿಟ್ಟು ಒಮ್ಮೆ. ಮೋಟರ್‌ಹೋಮಿನ ಆಕ್ಸಲ್‌ಗಳ ಮೇಲೆ ಎಷ್ಟು ವ್ಯತ್ಯಾಸ ಬಂತೋ ಅದೇ ಟಂಗ್ ವೇಟ್. ಒಟ್ಟು ಟ್ರೇಲರ್ ತೂಕದ 10ರಿಂದ 15% ಇರಬೇಕು. ಸಾಲದಿದ್ದರೆ ಕಾರನ್ನು ಮುಂದೆ ತನ್ನಿ. ಒಂದೇ ಅಡಿ ಸರಿಸಿದರೂ 300 ಪೌಂಡ್‌ವರೆಗೆ ಬದಲಾಗುತ್ತದೆ, ಟ್ರೇಲರ್ ಉದ್ದದ ಮೇಲೆ ಹೆಚ್ಚುಕಮ್ಮಿ. ಸರಿಹೋದ ಜಾಗದಲ್ಲಿ ಡೆಕ್ ಮೇಲೆ ಪೇಂಟಿನಿಂದ ಗೆರೆ ಎಳೆದುಬಿಡಿ. ಹಿಚ್‌ನ ಟಂಗ್ ಲಿಮಿಟ್ ಮಾತ್ರ ದಾಟಬಾರದು.

ಓಲಾಡಿದರೆ ಮೋಟರ್‌ಹೋಮ್ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟು ಟ್ರೇಲರ್ ಬ್ರೇಕ್ ಒಂದನ್ನೇ ಕೈಯಿಂದ ಒತ್ತಿ. ಅದಕ್ಕೇ ನಾನು ಸರ್ಜ್ ಬ್ರೇಕ್ (ಮುಂದಿನ ಗಾಡಿ ನಿಧಾನವಾದಾಗ ತಾನೇ ಹಿಡಿಯುವಂಥದ್ದು) ಬೇಡ, ಎಲೆಕ್ಟ್ರಿಕ್ ಬ್ರೇಕೇ ಇರಲಿ ಅನ್ನುವುದು. ಕಂಟ್ರೋಲರ್‌ಗೆ ಟೆಕೋನ್ಷಾ ಪಿ3 ತಗೊಳ್ಳಿ, ಅಗ್ಗದ್ದು ಹುಡುಕಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಏನೇ ಎಳೆದರೂ ಗಂಟೆಗೆ 55 ಮೈಲಿಯೇ ಲಿಮಿಟ್, ನೆನಪಿರಲಿ.

ಸ್ಟ್ರಾಪ್ ಟೈರಿಗೆ ಹಾಕಿ, ಸಸ್ಪೆನ್ಷನ್‌ಗೆ ಬೇಡ. ಸೆಂಟ್ರಿ ಮೋಡ್ (ಕಾರಿನ ಕ್ಯಾಮೆರಾ ಕಾವಲು) ಆಫ್ ಮಾಡಿ, ಸುಮ್ನೆ ಬ್ಯಾಟರಿ ತಿನ್ನುತ್ತದೆ. ಟ್ರೇಲರ್ ಫೆಂಡರ್ (ಚಕ್ರದ ಮೇಲಿನ ಮಡ್‌ಗಾರ್ಡ್) ಬಿಚ್ಚಲು ಬರುವಂಥದ್ದಾಗಿರಲಿ, ಇಲ್ಲದಿದ್ದರೆ ಕಾರು ಹತ್ತಿಸಿದ ಮೇಲೆ ಬಾಗಿಲು ತೆಗೆಯಲಾಗದೆ ಒಳಗೇ ಕೂರುತ್ತೀರಿ.

ಕ್ಯಾಂಪಿನಲ್ಲಿ ಚಾರ್ಜ್ ಮಾಡುವ ಮುನ್ನ ಆಫೀಸಿನಲ್ಲಿ ಕೇಳಿ, ಕೆಲವು ಕಡೆ ಬಿಡುವುದಿಲ್ಲ. 50 ಆಂಪ್ ಸಾಕೆಟ್ 240 ವೋಲ್ಟ್, ಆದರೆ 30 ಆಂಪ್‌ನದು ಬರೀ 120 ವೋಲ್ಟ್. ಅದರಲ್ಲಿ 24 ಆಂಪ್‌ಗಿಂತ ಜಾಸ್ತಿ ಎಳೆಯಬೇಡಿ, ಮತ್ತು ಮೋಟರ್‌ಹೋಮಿನ ಎಸಿ ಓಡುತ್ತಿರುವಾಗ ಅದೇ ಸಾಕೆಟ್ ಕಂಬಕ್ಕೆ ಕಾರನ್ನೂ ಚುಚ್ಚಬೇಡಿ. ಹಿಚ್ ಸ್ಟಿಕ್ಕರ್ ಫೋಟೊ ಹಾಕಿ, ಲೆಕ್ಕ ನೋಡೋಣ.