ಹಿಮದ ಕಾಡಿನ ಹನ್ನೆರಡು ಚಿತ್ರಗಳು: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನಮಸ್ಕಾರ. ಫಿನ್‌ಲ್ಯಾಂಡಿನ ಎಸ್ಪೂ ನಗರದಿಂದ ನೀವು ಕಳುಹಿಸಿದ ‘ಹಿಮದ ಕಾಡಿನಲ್ಲಿ ಸರಳತೆಯ ಹುಡುಕಾಟ’ ಎಂಬ ಲೇಖನವನ್ನೂ ಅದರ ಜೊತೆಗಿದ್ದ 12 ಚಿತ್ರಗಳನ್ನೂ ನಿಧಾನವಾಗಿ ಓದಿ, ನೋಡಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ 5, 6ನೆಯ ಚಿತ್ರಗಳಲ್ಲಿ ನಿಜವಾಗಿಯೂ ಒಳ್ಳೆಯ ಲೇಖನವೊಂದು ಇದೆ ಎಂದು ನಂಬಿರುವುದರಿಂದಲೇ ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಎಂಬ ಒಂದು ಸಾಲಿನ ಉತ್ತರಕ್ಕೆ ಬದಲಾಗಿ ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ಲೇಖನದ ಆಧಾರವೆಂದು ನೀವು ಭಾವಿಸಿರುವ ವಾಕ್ಯ ಇದು: ‘ಹಿಮ ಬಿದ್ದೊಡನೆ ಕಾಡು ತಾನಾಗಿಯೇ ಸರಳವಾಗುತ್ತದೆ.’ ಈ ಮಾತು ಅರ್ಧ ಮಾತ್ರ ನಿಜ, ಉಳಿದರ್ಧವೇ ನಿಮ್ಮ ಬಹುಪಾಲು ಚಿತ್ರಗಳನ್ನು ಕೆಡಿಸಿದೆ. ನೆಲದ ಮೇಲೆ ಬಿದ್ದ ಹಿಮವು ತರಗೆಲೆ, ಕುರುಚಲು ಗಿಡ, ಮುರಿದ ಕೊಂಬೆ, ಪಾಚಿಗಟ್ಟಿದ ಬಂಡೆ ಎಲ್ಲವನ್ನೂ ಮುಚ್ಚಿ ಚೌಕಟ್ಟಿನ ಕೆಳಭಾಗವನ್ನು ಶುಚಿಗೊಳಿಸುವುದು ನಿಜ. ಅದೇ ಹಿಮ ಎಲೆಯುದುರಿದ ಮರದ ರೆಂಬೆಗಳ ಮೇಲೆ ಕುಳಿತಾಗ ಆಗುವುದು ತದ್ವಿರುದ್ಧ. ಒಂದೊಂದು ರೆಂಬೆಯೂ ಕೆಳಗೆ ಕಪ್ಪು, ಮೇಲೆ ಬಿಳಿ ಎಂಬ ಎರಡು ಗೆರೆಗಳಾಗಿ ಒಡೆಯುತ್ತದೆ. ನಿನ್ನೆಯವರೆಗೆ ಬೂದು ಹಿನ್ನೆಲೆಯಲ್ಲಿ ಕರಗಿಹೋಗಿದ್ದ ಅಸಂಖ್ಯ ಕಡ್ಡಿಗಳು ಇಂದು ಒಂದೊಂದಾಗಿ ಎದ್ದು ನಿಲ್ಲುತ್ತವೆ. ನಿಮ್ಮ 2, 3, 10 ಮತ್ತು 11ನೆಯ ಚಿತ್ರಗಳಲ್ಲಿ ಇರುವುದು ಈ ಗೆರೆಗಳ ಗೋಜಲೇ. ಅವುಗಳನ್ನು ನೋಡುವಾಗ ಕಣ್ಣಿಗೆ ನಿಲ್ಲಲು ಒಂದು ತಾಣ ಸಿಗುವುದಿಲ್ಲ. ಕಾಡಿನಲ್ಲಿ ನಿಂತಾಗ ನಿಮಗೆ ಹಾಗೆ ಅನಿಸದೇ ಇರಬಹುದು, ಏಕೆಂದರೆ ನಮ್ಮ ಎರಡು ಕಣ್ಣುಗಳು ಹತ್ತಿರದ ಮರವನ್ನೂ ದೂರದ ಮರವನ್ನೂ ಬೇರ್ಪಡಿಸಿ ತೋರಿಸುತ್ತವೆ. ಒಂಟಿ ಮಸೂರದ ಕ್ಯಾಮೆರಾ ಎರಡನ್ನೂ ಒಂದೇ ಸಮತಲಕ್ಕೆ ತಂದು ಅಂಟಿಸುತ್ತದೆ.

ಹಾಗಾದರೆ ಕಾಡನ್ನು ಸರಳಗೊಳಿಸುವುದು ಯಾವುದು? ಇದಕ್ಕೆ ಉತ್ತರ ನಿಮ್ಮ 5ನೆಯ ಚಿತ್ರದಲ್ಲೇ ಇದೆ, ಆದರೆ ಅದನ್ನು ನೀವು ಲೇಖನದಲ್ಲಿ ಹೇಳಿಲ್ಲ. ನಿಮ್ಮ ಎಸ್ಪೂ ಬಳಿಯ ನೂಕ್ಸಿಯೊ ರಾಷ್ಟ್ರೀಯ ಉದ್ಯಾನದಲ್ಲಿ ದಟ್ಟವಾಗಿ ಹಿಮ ಸುರಿಯುತ್ತಿರುವಾಗ ತೆಗೆದ ಈ ಚಿತ್ರದಲ್ಲಿ ಬಿಳಿ ತೊಗಟೆಯ ಮೂರು ಬರ್ಚ್ ಮರಗಳಿವೆ; ಎರಡು ಹತ್ತಿರ ಹತ್ತಿರ, ಮೂರನೆಯದು ತುಸು ದೂರ. ಅವುಗಳ ಹಿಂದೆ ಸೂಜಿಯೆಲೆಯ ನಿತ್ಯಹಸಿರು ಸ್ಪ್ರೂಸ್ ಮರಗಳ ಕಪ್ಪು ಗೋಡೆಯಿದ್ದು, ಸುರಿಯುವ ಹಿಮ ಆ ಕಪ್ಪನ್ನು ಮಾಸಿದ ಬೂದು ಬಣ್ಣಕ್ಕೆ ಇಳಿಸಿದೆ. ಆಕಾಶದ ಒಂದು ತುಣುಕೂ ಕಾಣುವುದಿಲ್ಲ. ಮೂರು ಕಾಂಡಗಳಲ್ಲಿ ಯಾವುದೂ ಇನ್ನೊಂದನ್ನು ಮುಟ್ಟುವುದಿಲ್ಲ, ಚೌಕಟ್ಟಿನ ಅಂಚನ್ನೂ ಯಾವುದೂ ಸವರುವುದಿಲ್ಲ. ಇಲ್ಲಿ ಕೆಲಸ ಮಾಡಿರುವುದು ಗಾಳಿಯಲ್ಲಿರುವ ಹಿಮವೇ ಹೊರತು ಕೊಂಬೆಯ ಮೇಲೆ ಕುಳಿತ ಹಿಮವಲ್ಲ. ಕ್ಯಾಮೆರಾ ಮತ್ತು ಮರದ ನಡುವಿನ ದೂರ ಹೆಚ್ಚಿದಷ್ಟೂ ನಡುವೆ ಬೀಳುವ ಹಿಮಬಿಲ್ಲೆಗಳು ಹೆಚ್ಚುತ್ತವೆ, ಆದ್ದರಿಂದ ಹಿಂದಿನ ಸಾಲು ಮಸುಕಾಗಿ ಮುಂದಿನ ಸಾಲು ಬೇರ್ಪಡುತ್ತದೆ. ಮಂಜು ಕವಿದಾಗಲೂ ಆಗುವುದು ಇದೇ.

ಇನ್ನು 6ನೆಯ ಚಿತ್ರ. ಅದೇ ಬರ್ಚ್ ಮರಗಳು, ಅದೇ ಹಿಮಪಾತ. ಆದರೆ ನೀವು ಕೆಲವು ಹೆಜ್ಜೆ ಎಡಕ್ಕೆ ನಿಂತಿದ್ದೀರಿ. ಅಲ್ಲಿಂದ ನೋಡಿದಾಗ ಬಾಗಿದ ನಾಲ್ಕನೆಯ ಮರವೊಂದು ನಡುವಿನ ಕಾಂಡವನ್ನು ಅಡ್ಡಹಾಯುತ್ತದೆ, ಬಲಗಡೆಯ ಎರಡು ಕಾಂಡಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ದಪ್ಪ ಮರದಂತೆ ಕಾಣುತ್ತವೆ, ಮೇಲ್ತುದಿಯಲ್ಲಿ ಆಕಾಶದ ಬಿಳಿಯ ತೇಪೆಯೊಂದು ಇಣುಕಿ ಕಣ್ಣನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಈ ಎರಡು ಚಿತ್ರಗಳ ನಡುವೆ ನೀವು ಇಟ್ಟ ಆ ಕೆಲವು ಹೆಜ್ಜೆಗಳೇ ನಿಮ್ಮ ಲೇಖನವಾಗಬೇಕಿತ್ತು. ನೀವಾದರೋ ‘ಈ ಚಿತ್ರ ತೆಗೆದಾಗ ಮನಸ್ಸಿಗೆ ಅಪಾರ ಶಾಂತಿ ದೊರೆಯಿತು’ ಎಂದು ಬರೆದು ಮುಂದಿನ ಪ್ಯಾರಾಕ್ಕೆ ಹೋಗಿದ್ದೀರಿ. ನಿಮ್ಮ ಶಾಂತಿಯ ಬಗ್ಗೆ ನನಗೆ ಸಂತೋಷವಿದೆ, ಆದರೆ ಓದುಗರಿಗೆ ಬೇಕಾಗಿರುವುದು ಅದಕ್ಕಿಂತ ಮುಂಚಿನ ಸಂಗತಿ. ಮೊದಲು ಎಲ್ಲಿ ನಿಂತಿದ್ದಿರಿ, ಏನು ಅಡ್ಡ ಬಂತು, ಅದನ್ನು ಹೇಗೆ ಗುರುತಿಸಿದಿರಿ, ಯಾವ ಮರವನ್ನು ಚೌಕಟ್ಟಿನಿಂದ ಕೈಬಿಡಲು ಮನಸ್ಸು ಒಪ್ಪಲಿಲ್ಲ, ಕೊನೆಗೆ ಯಾಕೆ ಬಿಟ್ಟಿರಿ, ಇವನ್ನೆಲ್ಲ ಬರೆಯಿರಿ. ನೀವು 6ನೆಯದನ್ನು ಬಹುಶಃ ತಪ್ಪಿ ಕಳುಹಿಸಿರಬಹುದು. ನಾನಂತೂ ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚುಹಾಕಲು ಬಯಸುತ್ತೇನೆ.

ಇದೇ ಕಾರಣಕ್ಕಾಗಿ ಮಸೂರಗಳ ಬಗ್ಗೆ ನೀವು ಬರೆದಿರುವುದನ್ನೂ ತಿದ್ದಬೇಕು. ‘ಜೂಮ್ ಮಾಡಿ ಮರಗಳನ್ನು ಬೇರ್ಪಡಿಸಬಹುದು’ ಎಂದಿದ್ದೀರಿ. ಇದು ಸಾಧ್ಯವಿಲ್ಲ. ಒಂದು ಮರ ಇನ್ನೊಂದನ್ನು ಮರೆಮಾಡುವುದೋ ಬಿಡುವುದೋ ಎಂಬುದನ್ನು ಕ್ಯಾಮೆರಾ ನಿಂತಿರುವ ಜಾಗ ಮಾತ್ರ ನಿರ್ಧರಿಸುತ್ತದೆ. ಜೂಮ್ ಮಾಡಿದಾಗ ಆ ಮರೆ ಹಾಗೆಯೇ ಉಳಿದು ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಕಾಂಡಗಳ ನಡುವೆ ಸಂದು ತೆರೆಯಬೇಕಾದರೆ ಪಕ್ಕಕ್ಕೆ ಸರಿಯಬೇಕು, ಮತ್ತು ಕಾಡಿನಲ್ಲಿ ಅರ್ಧ ಹೆಜ್ಜೆ ಸರಿದರೂ ಹತ್ತಿರದ ಕಾಂಡಗಳು ದೂರದವುಗಳ ಎದುರು ಗಣನೀಯವಾಗಿ ಜರುಗುತ್ತವೆ. ಆದ್ದರಿಂದ ಟ್ರೈಪಾಡನ್ನು ಮೊದಲೇ ಊರಿ ಆಮೇಲೆ ಚೌಕಟ್ಟು ಹುಡುಕುವುದಕ್ಕಿಂತ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಜಾಗ ಗೊತ್ತುಮಾಡಿಕೊಂಡ ನಂತರ ಟ್ರೈಪಾಡ್ ಊರುವುದು ಲೇಸು. ದೂರದ್ದನ್ನು ಹತ್ತಿರಕ್ಕೆ ತರುವ 70–200 ಮಿ.ಮೀ. ಉದ್ದ ಮಸೂರವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿ, ವಿಶಾಲ ನೋಟವನ್ನು ಹಿಡಿಯುವ ವೈಡ್ ಆ್ಯಂಗಲ್ ಮಸೂರವನ್ನು ಒಂದು ಪುಟ ಹೊಗಳಿದ್ದೀರಿ. ವೈಡ್ ಆ್ಯಂಗಲ್ ಕಾಡಿನೊಳಗೆ ಹತ್ತಿರದ ಕಡ್ಡಿಗಳನ್ನು ದೊಡ್ಡದಾಗಿಸಿ, ಮರಗಳ ತುದಿಯ ಮೇಲಿನ ಬಿಳಿ ಆಕಾಶವನ್ನು ಒಳಗೆಳೆದುಕೊಂಡು, ಸ್ವಲ್ಪ ಮೇಲಕ್ಕೆ ವಾಲಿಸಿದರೆ ಕಾಂಡಗಳೆಲ್ಲ ಒಳಕ್ಕೆ ಬಾಗಿದಂತೆ ತೋರಿಸುತ್ತದೆ; ನಿಮ್ಮ 1ನೆಯ ಚಿತ್ರದಲ್ಲಿ ಈ ಮೂರೂ ದೋಷಗಳಿವೆ. ಉದ್ದ ಮಸೂರ ಆಕಾಶವನ್ನು ಹೊರಗಿಟ್ಟು ಕಾಡಿನ ಒಂದು ತುಂಡನ್ನು ಆರಿಸಿಕೊಳ್ಳಲು ನೆರವಾಗುತ್ತದೆ. ಆದರೆ ಆರಿಸುವವರು ನೀವೇ ಆಗಿರಬೇಕು, ಏಕೆಂದರೆ ನಿಮ್ಮ 11ನೆಯ ಚಿತ್ರ ಉದ್ದ ಮಸೂರದಲ್ಲೇ ತೆಗೆದದ್ದಾಗಿದ್ದರೂ ಗೋಜಲಾಗಿಯೇ ಇದೆ.

ನಿಲ್ಲುವ ಜಾಗದ ಬಗ್ಗೆ ಇನ್ನೊಂದು ಮಾತು. ದಟ್ಟ ಕಾಡಿನ ಒಳಹೊಕ್ಕು ಚಿತ್ರ ತೆಗೆಯುವುದಕ್ಕಿಂತ ಕಾಡು ಮುಗಿಯುವ ಕಡೆ, ಅಂದರೆ ಬಯಲಿನ ಅಂಚಿನಲ್ಲೋ ಜವುಗಿನ ಬದಿಯಲ್ಲೋ ನಿಂತು ಮೊದಲ ಸಾಲಿನ ಮರಗಳನ್ನು ನೋಡುವುದು ಕಲಿಯುವವರಿಗೆ ಸುಲಭ. ನೂಕ್ಸಿಯೊದಲ್ಲಿ ಕೆರೆಗಳೂ ಜವುಗುಗಳೂ ಧಾರಾಳವಾಗಿರುವುದರಿಂದ ಇಂಥ ಅಂಚುಗಳಿಗೆ ಕೊರತೆಯಿಲ್ಲ. ಆದರೆ ‘ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಹೋದರೆ ಉತ್ತಮ ಕೋನ ಸಿಗುತ್ತದೆ’ ಎಂಬ ನಿಮ್ಮ ಸಾಲನ್ನು ಎಚ್ಚರಿಕೆಯ ಮಾತಿಲ್ಲದೆ ನಾನು ಅಚ್ಚುಹಾಕುವುದಿಲ್ಲ. ಹಿಮ ಹೊದ್ದ ಮಂಜುಗಡ್ಡೆಯ ದಪ್ಪ ಮೇಲಿನಿಂದ ತಿಳಿಯದು, ತೊರೆ ಬಂದು ಸೇರುವ ಕಡೆ ಅದು ತೆಳುವಾಗಿರುತ್ತದೆ, ಮತ್ತು ನಮ್ಮ ಓದುಗರಲ್ಲಿ ಹೆಚ್ಚಿನವರು ಮಂಜುಗಡ್ಡೆಯ ಮೇಲೆ ಕಾಲಿಟ್ಟವರಲ್ಲ.

ಬೆಳಕಿನ ಭಾಗವನ್ನು ನೀವು ಕಂಡು ಬರೆದಿಲ್ಲ, ಎಲ್ಲೋ ಓದಿ ಬರೆದಿದ್ದೀರಿ ಎಂದು ನನಗೆ ಅನಿಸಿತು. ‘ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಮಾತ್ರ ಚಿತ್ರ ತೆಗೆಯಲು ಯೋಗ್ಯ’ ಎಂಬ ನಿಯಮ ಮೈಸೂರಿಗೆ ಸರಿ. ನೀವಿರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ವಾರಗಳಲ್ಲಿ ಅಲ್ಲಿ ಹಗಲಿರುವುದೇ 6 ಗಂಟೆಗಿಂತ ಕಡಿಮೆ, ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 6 ಡಿಗ್ರಿಯಷ್ಟು ಎತ್ತರಕ್ಕೆ ಮಾತ್ರ ಏರುತ್ತಾನೆ. ಹೀಗಾಗಿ ಮೋಡವಿಲ್ಲದ ದಿನ ಇಡೀ ಹಗಲು ಓರೆ ಬೆಳಕೇ ಇರುತ್ತದೆ. ಆದರೆ ಆ ಬೆಳಕು ಕಾಡಿನ ನೆಲವನ್ನು ಮುಟ್ಟುವುದು ವಿರಳ, ಹೆಚ್ಚಾಗಿ ಪೈನ್ ಮರಗಳ ಮೇಲ್ಭಾಗದ ಕಿತ್ತಳೆ ಬಣ್ಣದ ತೊಗಟೆಯ ಮೇಲಷ್ಟೇ ಬಿದ್ದು ಕೆಳಗಿನದೆಲ್ಲ ನೀಲಿ ನೆರಳಿನಲ್ಲಿ ಉಳಿಯುತ್ತದೆ. ನಿಮ್ಮ 9ನೆಯ ಚಿತ್ರ ಇದನ್ನೇ ತೋರಿಸುತ್ತದೆ, ಸೊಗಸಾಗಿಯೂ ಇದೆ, ಆದರೆ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಕಂಡದ್ದು ಒಂದು, ಬರೆದದ್ದು ಇನ್ನೊಂದು ಆಗಬಾರದು.

‘ಹಿಮದ ಚಿತ್ರಕ್ಕೆ ಯಾವಾಗಲೂ 2 ಸ್ಟಾಪ್ ಹೆಚ್ಚು ಎಕ್ಸ್‌ಪೋಷರ್ ಕೊಡಿ’ ಎಂಬ ಸಲಹೆಯಲ್ಲೂ (ಒಂದು ಸ್ಟಾಪ್ ಹೆಚ್ಚಿಸುವುದೆಂದರೆ ಒಳಬರುವ ಬೆಳಕನ್ನು ಎರಡರಷ್ಟು ಮಾಡುವುದು) ಇಂಥದೇ ತೊಂದರೆಯಿದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತನ್ನೆದುರಿನ ದೃಶ್ಯ ಒಟ್ಟಾರೆ ಮಧ್ಯಮ ಬೂದು ಬಣ್ಣದ್ದೆಂದು ಎಣಿಸಿ ಲೆಕ್ಕ ಹಾಕುತ್ತದೆ. ಆದ್ದರಿಂದ ಚೌಕಟ್ಟಿನ ತುಂಬ ಹಿಮವಿದ್ದರೆ ಅದನ್ನು ಬೂದಾಗಿಸುತ್ತದೆ, ಆಗ 1ರಿಂದ 2 ಸ್ಟಾಪ್ ಹೆಚ್ಚಿಸಬೇಕಾಗುತ್ತದೆ. ಆದರೆ ಅರ್ಧ ಚೌಕಟ್ಟನ್ನು ಕಪ್ಪು ಸ್ಪ್ರೂಸ್ ಮರಗಳು ತುಂಬಿದ್ದರೆ ಕಪ್ಪೂ ಬಿಳಿಯೂ ಸೇರಿ ಸರಾಸರಿ ತಾನಾಗಿಯೇ ಬೂದಿನ ಹತ್ತಿರಕ್ಕೆ ಬರುತ್ತದೆ, ಅಲ್ಲಿ 2 ಸ್ಟಾಪ್ ಹೆಚ್ಚಿಸಿದರೆ ಹಿಮದ ಮೈಯ ಏರಿಳಿತ, ಕಣಕಣ ಎಲ್ಲವೂ ಅಳಿಸಿಹೋಗುತ್ತದೆ. ನಿಮ್ಮ 4ನೆಯ ಚಿತ್ರಕ್ಕೆ ಆಗಿರುವುದು ಅದೇ. ಅಂಕಿಯನ್ನು ಕಂಠಪಾಠ ಮಾಡಿಸುವ ಬದಲು ಕಾರಣವನ್ನು ಹೇಳಿ, ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂಬಂತೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ಹತ್ತಿರವಾಗಿದ್ದರೂ ಅದನ್ನು ಮೀರದಂತೆ ನೋಡಿಕೊಳ್ಳಿ ಎಂದರೆ ಓದುಗರು ಯಾವ ಕಾಡಿನಲ್ಲಾದರೂ ನಿಭಾಯಿಸುತ್ತಾರೆ.

ಬಣ್ಣದ ವಿಷಯದಲ್ಲಿ ಚಿಕ್ಕ ಆಕ್ಷೇಪಣೆ: 7 ಮತ್ತು 8ನೆಯ ಚಿತ್ರಗಳು ಒಂದೇ ಮಧ್ಯಾಹ್ನದವು ಎಂದು ನೀವೇ ಬರೆದಿದ್ದೀರಿ, ಆದರೂ ಒಂದರಲ್ಲಿ ನೆರಳು ನೀಲಿ, ಇನ್ನೊಂದರಲ್ಲಿ ಅಪ್ಪಟ ಬೂದು. ಶುಭ್ರ ಆಕಾಶದ ದಿನ ನೆರಳಿನ ಹಿಮಕ್ಕೆ ಬೆಳಕು ಕೊಡುವುದು ನೀಲಿ ಆಕಾಶವೇ ಆದ್ದರಿಂದ ಆ ನೀಲಿ ಸಹಜವಾದದ್ದು, ಅದನ್ನು ಪೂರ್ತಿಯಾಗಿ ತೊಳೆದುಹಾಕುವ ಅಗತ್ಯವಿಲ್ಲ.

ರೀಸಿತುಂತುರಿಯ ಪ್ರವಾಸದ ಎರಡು ಪುಟಗಳನ್ನು ತೆಗೆಯಲು ನಾನು ಸೂಚಿಸುತ್ತೇನೆ, ಆದರೆ ಅದರೊಳಗಿನ ಒಂದು ವಿಚಾರವನ್ನು ಉಳಿಸಿಕೊಳ್ಳಿ. ಫಿನ್‌ಲ್ಯಾಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ದಕ್ಷಿಣದಲ್ಲಿ, ಪೋಸಿಯೊ ಪ್ರದೇಶದಲ್ಲಿರುವ ಆ ಬೆಟ್ಟಗಳ ಮೇಲೆ ಸ್ಪ್ರೂಸ್ ಮರಗಳು ತುದಿಯಿಂದ ಬುಡದವರೆಗೆ ಹಿಮದಲ್ಲಿ ಮುಚ್ಚಿಹೋಗಿ ಬಿಳಿಯ ಕಂಬಗಳಂತೆ ನಿಲ್ಲುತ್ತವೆ. ಇದು ಬರೀ ಹಿಮಪಾತದಿಂದ ಆಗುವುದಲ್ಲ. ಶೂನ್ಯಕ್ಕಿಂತ ಕೆಳಗೆ ತಣಿದಿದ್ದರೂ ದ್ರವವಾಗಿಯೇ ಉಳಿದ ಮಂಜಿನ ಹನಿಗಳು ಮರವನ್ನು ತಾಕಿದೊಡನೆ ಹೆಪ್ಪುಗಟ್ಟಿ, ಅದರ ಮೇಲೆ ಹಿಮ ಅಂಟಿ, ವಾರಗಟ್ಟಲೆ ಪದರ ಪದರವಾಗಿ ಬೆಳೆಯುವಂಥದ್ದು. ಫಿನ್‌ಲ್ಯಾಂಡಿನ ಜನ ಇದನ್ನು ತ್ಯುಕ್ಕ್ಯು ಎನ್ನುತ್ತಾರೆ. ಇಲ್ಲಿ ಮಾತ್ರ ನಿಮ್ಮ ಮೂಲ ವಾಕ್ಯ ಪೂರ್ತಿ ನಿಜವಾಗುತ್ತದೆ: ರೆಂಬೆಗಳೇ ಕಾಣದಾಗಿ ಮರವು ಒಂದೇ ಆಕಾರವಾಗಿ ಉಳಿಯುತ್ತದೆ. ನೂಕ್ಸಿಯೊದ ಬರ್ಚ್ ಕಾಡಿಗೂ ರೀಸಿತುಂತುರಿಯ ಕಂಬಗಳಿಗೂ ಇರುವ ಈ ವ್ಯತ್ಯಾಸವನ್ನು ಒಂದು ಪ್ಯಾರಾದಲ್ಲಿ ಬರೆದರೆ ಹಿಮ ಯಾವಾಗ ಸರಳಗೊಳಿಸುತ್ತದೆ, ಯಾವಾಗ ಇಲ್ಲ ಎಂಬುದು ಓದುಗರಿಗೆ ತಾನೇ ಸ್ಪಷ್ಟವಾಗುತ್ತದೆ. ವಿಮಾನದ ಟಿಕೆಟ್, ಬಾಡಿಗೆ ಮನೆ, ಊಟದ ವಿವರಗಳು ಬೇಡ.

ಸಲಕರಣೆಗಳ ಮೂರು ಪುಟಗಳಲ್ಲಿ ನನಗೆ ಬೇಕಾದವು ಎರಡೇ ಸಂಗತಿಗಳು. ಚಳಿಯಲ್ಲಿ ಬ್ಯಾಟರಿ ಬೇಗ ಕುಸಿಯುವುದರಿಂದ ಹೆಚ್ಚುವರಿಯನ್ನು ಒಳಜೇಬಿನಲ್ಲಿ ಮೈಯ ಬಿಸಿಗೆ ತಾಗಿಸಿ ಇಟ್ಟುಕೊಳ್ಳಬೇಕು; ಮನೆಗೆ ಮರಳುವ ಮುನ್ನ ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚಿಟ್ಟು, ಅದು ಕೋಣೆಯ ಶಾಖಕ್ಕೆ ಬರುವವರೆಗೆ ತೆರೆಯಬಾರದು, ಇಲ್ಲವಾದರೆ ತಣ್ಣನೆಯ ಗಾಜಿನ ಮೇಲೆ ತೇವ ಕಟ್ಟುತ್ತದೆ. ಉಳಿದ ಕಂಪನಿಗಳ ಹೆಸರು, ಮಾದರಿ, ಬೆಲೆಗಳನ್ನು ತೆಗೆದುಬಿಡಿ.

ಭಾಷೆಯ ಬಗ್ಗೆಯೂ ಹೇಳಲೇಬೇಕು. ‘ಪ್ರಕೃತಿ ಮಾತೆ ಬಿಳಿಯ ಚಾದರ ಹೊದ್ದು ಮಲಗಿದ್ದಳು’, ‘ಸ್ವರ್ಗವೇ ಧರೆಗಿಳಿದಂತಿತ್ತು’, ‘ಹತ್ತಿಯ ರಾಶಿಯಂತೆ’, ‘ಬೆಳ್ಳಿಯ ಲೋಕ’, ಇವೆಲ್ಲ ಮೊದಲ ಪುಟದಲ್ಲೇ ಬರುತ್ತವೆ. ಹಿಮ ಕಾಣದ ಓದುಗರಿಗೆ ಅರ್ಥವಾಗಲಿ ಎಂಬ ಕಾಳಜಿಯಿಂದ ನೀವು ಹಾಗೆ ಬರೆದಿರಬಹುದೆಂದು ಬಲ್ಲೆ. ಆದರೆ ಇಂಥ ಮಾತುಗಳನ್ನು ಹಿಮ ಕಾಣದವರೂ ಬರೆಯಬಲ್ಲರು. ಹೊಸ ಹಿಮದ ಮೇಲೆ ಕಾಲಿಟ್ಟಾಗ ಬೂಟು ಎಷ್ಟು ಆಳಕ್ಕೆ ಇಳಿಯಿತು, ಒಮ್ಮೆ ತುಳಿದ ಜಾಗ ಮತ್ತೆ ಹಿಂದಿನಂತೆ ಆಗದು ಎಂಬ ಕಾರಣಕ್ಕೆ ಯಾವ ದಾರಿ ಹಿಡಿದು ಬರ್ಚ್ ಮರಗಳನ್ನು ಬಳಸಿ ಹೋದಿರಿ, ಇಂಥದ್ದನ್ನು ಅಲ್ಲಿ ನಿಂತ ನೀವು ಮಾತ್ರ ಹೇಳಬಲ್ಲಿರಿ. 12ನೆಯ ಚಿತ್ರದ ಕೆಳಗೆ ನಿಮ್ಮದೇ ಹೆಜ್ಜೆಗುರುತುಗಳು ಬಿದ್ದು ಚಿತ್ರ ಕೆಟ್ಟಿದೆ, ಅದನ್ನೂ ಬರೆಯಬಹುದಲ್ಲ.

‘ಈ ಅನುಭವ ಕರ್ನಾಟಕದ ಓದುಗರಿಗೆ ಅನ್ವಯಿಸದು’ ಎಂದು ಕೊನೆಯಲ್ಲಿ ಕ್ಷಮೆ ಕೇಳಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಆಗುಂಬೆಯಲ್ಲೋ ಕುದುರೆಮುಖದಲ್ಲೋ ಮಳೆಗಾಲದ ಮಂಜು ಕವಿದ ಕಾಡಿನ ಎದುರು ಕ್ಯಾಮೆರಾ ಹಿಡಿದು ನಿಂತವರಿಗೂ ಇರುವುದು ಇದೇ ಕಷ್ಟ: ಬಳ್ಳಿ, ಬಿಳಲು, ಎಲೆ, ಕಾಂಡ ಎಲ್ಲವೂ ಒಂದರ ಮೇಲೊಂದು. ಅಲ್ಲಿಯೂ ಮಂಜು ಹಿಂದಿನ ಸಾಲುಗಳನ್ನು ಅಳಿಸುತ್ತದೆ, ಮೀಟರ್ ಬಿಳಿಯನ್ನು ಬೂದಾಗಿಸುತ್ತದೆ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಮರ ಬೇರ್ಪಡುತ್ತದೆ. ಕ್ಷಮೆಯ ಜಾಗದಲ್ಲಿ ಈ ಹೋಲಿಕೆಯನ್ನು ಬರೆಯಿರಿ.

ತಿದ್ದಿ ಬರೆಯುವ ಮುನ್ನ ಸಾಧ್ಯವಾದರೆ ಹೆಲ್ಸಿಂಕಿಯ ಉತ್ತರಕ್ಕಿರುವ ತೂಸುಲಾ ಕೆರೆಯ ದಡದ ಹಾಲೋಸೆನ್ನಿಯೆಮಿಗೆ ಹೋಗಿಬನ್ನಿ. ಚಿತ್ರಕಾರ ಪೆಕ್ಕಾ ಹಾಲೋನೆನ್ (1865–1933) ಬದುಕಿ ಚಿತ್ರ ಬರೆದ ಮನೆ ಅದು, ಈಗ ವಸ್ತುಸಂಗ್ರಹಾಲಯ. ಹಿಮ ಹೊತ್ತ ಎಳೆಯ ಮರಗಳನ್ನು ಜೀವನದುದ್ದಕ್ಕೂ ಚಿತ್ರಿಸಿದ ಅವರು ಜಪಾನೀ ಕಲೆಯಿಂದಲೂ ಕಲಿತವರು. ಅವರ ಹಿಮದ ಚಿತ್ರಗಳ ಎದುರು ನಿಂತು, ಯಾವ ರೆಂಬೆಗಳನ್ನು ಬರೆಯದೆ ಬಿಟ್ಟಿದ್ದಾರೆ ಎಂಬುದನ್ನು ಗಮನಿಸಿ. ಚಿತ್ರಕಾರರಿಗೆ ಕುಂಚವನ್ನು ತಡೆದರೆ ಸಾಕು, ಛಾಯಾಗ್ರಾಹಕರು ಅದನ್ನೇ ಕಾಲಿನಿಂದ ಸಾಧಿಸಬೇಕಾಗುತ್ತದೆ.

ಪರಿಷ್ಕೃತ ಲೇಖನ 1200 ಪದಗಳ ಒಳಗಿರಲಿ, 5 ಮತ್ತು 6ನೆಯ ಚಿತ್ರಗಳಿಂದಲೇ ಆರಂಭವಾಗಲಿ. ಆ ಎರಡರ ಜೊತೆಗೆ 9ನೆಯ ಚಿತ್ರ ಮತ್ತು ರೀಸಿತುಂತುರಿಯ ಒಂದು ಚಿತ್ರ ಸಾಕು. ನಾಲ್ಕರ ಮೂಲ ಕಡತಗಳನ್ನೂ ಕಳುಹಿಸಿ. 9ನೆಯದರ ಬಲ ಅಂಚಿನಲ್ಲಿ ಅರ್ಧ ಕತ್ತರಿಸಿದ ಕಾಂಡವೊಂದಿದ್ದು, ಅದನ್ನು ಹೊರಗಿಟ್ಟರೂ ಪೈನ್ ಮರಗಳ ಸಾಲು ಉಳಿಯುತ್ತದೆಯೇ ಎಂದು ಅಚ್ಚಿಗೆ ಹೋಗುವ ಮುಂಚೆ ನಾವಿಬ್ಬರೂ ನೋಡಿ ತೀರ್ಮಾನಿಸೋಣ.

ಇಂತಿ ನಿಮ್ಮ ವಿಶ್ವಾಸಿ,
ಸಂಪಾದಕರು